ರೆಕ್ಕೆ ಮರೆತವರ ಮಾತು



ನಾನು ಇವತ್ತು ಮಾತಾಡಲು ಆರಿಸಿಕೊಂಡಿರುವುದು ಅರವತ್ತು ವರ್ಷದ ಹಿಂದಿನ ಒಂದು ಬ್ರಿಟಿಷ್ ಟಿವಿ ಕಥೆ. ಬಿಬಿಸಿಯ 'ಡಾಕ್ಟರ್ ಹೂ' ಧಾರಾವಾಹಿಯಲ್ಲಿ 1965ರ ಫೆಬ್ರವರಿ 13ರಿಂದ ಮಾರ್ಚ್ 20ರವರೆಗೆ, ಆರು ಶನಿವಾರದ ಸಂಜೆ ಆರು ಕಂತಾಗಿ ಬಂದ 'ದಿ ವೆಬ್ ಪ್ಲಾನೆಟ್'. ಆ ಧಾರಾವಾಹಿಯನ್ನು ಪ್ರೀತಿಸುವವರನ್ನು ಕೇಳಿ ನೋಡಿ, ಅತಿ ಕಳಪೆ ಕಥೆಗಳ ಪಟ್ಟಿಯಲ್ಲಿ ಇದರ ಹೆಸರು ಬಂದೇ ಬರುತ್ತದೆ. ನಿಧಾನ ಅನ್ನುತ್ತಾರೆ. ಅಗ್ಗದ ವೇಷ ಅನ್ನುತ್ತಾರೆ. ದೊಡ್ಡ ಇರುವೆಯ ವೇಷ ತೊಟ್ಟವನೊಬ್ಬ ಓಡಿ ಬಂದು ಕ್ಯಾಮೆರಾಕ್ಕೇ ಡಿಕ್ಕಿ ಹೊಡೆಯುತ್ತಾನಲ್ಲ, ಅದೇ ಕಥೆ ತಾನೇ ಅನ್ನುತ್ತಾರೆ. ಹೌದು, ಅದೇ ಕಥೆ. ಡಿಕ್ಕಿ ಹೊಡೆದದ್ದು ನಿಜ, ಪರದೆ ಅಲುಗಿದ್ದೂ ನಿಜ. ಅದನ್ನು ಮುಚ್ಚಿಡಲು ನಾನು ಬಂದಿಲ್ಲ. ಆ ಒಂದು ಡಿಕ್ಕಿಯ ಸದ್ದಿನಲ್ಲಿ ಮಿಕ್ಕ ಎರಡು ಗಂಟೆಗೂ ಹೆಚ್ಚಿನ ಕೆಲಸ ನಮಗೆ ಕೇಳಿಸದೆ ಹೋಗಿದೆ ಅನ್ನುವುದು ನನ್ನ ದೂರು. ಅದನ್ನು ನಿಮ್ಮ ಮುಂದೆ ಇಡಬೇಕು.

ಈ ಧಾರಾವಾಹಿ ನಮ್ಮಲ್ಲಿ ಮನೆಮಾತಲ್ಲ. ಆದ್ದರಿಂದ ಎರಡು ಮಾತು. 1963ರ ನವೆಂಬರ್ 23ರಂದು ಶುರುವಾದ 'ಡಾಕ್ಟರ್ ಹೂ' ಡಾಕ್ಟರ್ ಎಂದಷ್ಟೇ ಕರೆಸಿಕೊಳ್ಳುವ ಒಬ್ಬ ಮುದುಕ ಪ್ರಯಾಣಿಕನ ಕಥೆ. ಹೊರಗಿನಿಂದ ಪೊಲೀಸ್ ಟೆಲಿಫೋನ್ ಪೆಟ್ಟಿಗೆಯ ಹಾಗೆ ಕಾಣುವ, ಒಳಗೆ ಹೊಕ್ಕರೆ ವಿಶಾಲವಾಗಿರುವ 'ಟಾರ್ಡಿಸ್' ಎಂಬ ಯಂತ್ರದಲ್ಲಿ ಅವನು ಕಾಲವನ್ನೂ ಆಕಾಶವನ್ನೂ ದಾಟಿ ಹೋಗುತ್ತಾನೆ. ಆರಂಭದ ನಿರ್ಮಾಪಕಿ ವೆರಿಟಿ ಲ್ಯಾಂಬರ್ಟ್. ಬಿಬಿಸಿಯ ನಾಟಕ ವಿಭಾಗದಲ್ಲಿ ಆಗ ಇದ್ದ ಒಬ್ಬಳೇ ಮಹಿಳಾ ನಿರ್ಮಾಪಕಿ, ವಯಸ್ಸು ಇಪ್ಪತ್ತೇಳು. ಮೊತ್ತಮೊದಲ ಕಥೆಯನ್ನು ನಿರ್ದೇಶಿಸಿದವರು ನಮ್ಮ ಲಖನೌದಲ್ಲಿ ಹುಟ್ಟಿದ ವಾರಿಸ್ ಹುಸೇನ್. ಅಧಿಕಾರಸ್ಥರಿಗೆ ಅಷ್ಟೇನೂ ಭರವಸೆಯಿಲ್ಲದ ಒಂದು ಮಕ್ಕಳ ಹೊತ್ತಿನ ಕಾರ್ಯಕ್ರಮವನ್ನು ಈ ಇಬ್ಬರು ಎಳೆಯರ ಕೈಗೆ ಕೊಡಲಾಗಿತ್ತು. ಎರಡನೆಯ ಕಥೆಯಲ್ಲೇ ಟೆರಿ ನೇಷನ್ ಬರೆದ 'ಡಾಲೆಕ್' ಎಂಬ ಅನ್ಯಲೋಕದ ಶತ್ರುಗಳು ಬಂದವು. ಬ್ರಿಟನ್ನಿನ ಮಕ್ಕಳೆಲ್ಲ ಕೈ ಮುಂದೆ ಚಾಚಿಕೊಂಡು ಡಾಲೆಕ್ ಆಟ ಆಡತೊಡಗಿದರು. ಆಮೇಲೆ ಎಲ್ಲರಿಗೂ ಒಂದೇ ಚಿಂತೆ: ಮುಂದಿನ ಡಾಲೆಕ್ ಯಾವುದು?

ಆ ಪ್ರಶ್ನೆಗೆ ಉತ್ತರವಾಗಿ ಬಂದದ್ದು ಈ ಇರುವೆಗಳು. ಹೆಸರು ಜಾರ್ಬಿ. ಕಥೆ ಬರೆದವರು ಆಸ್ಟ್ರೇಲಿಯಾದ ಬಿಲ್ ಸ್ಟ್ರಟನ್, ನಿರ್ದೇಶಕ ರಿಚರ್ಡ್ ಮಾರ್ಟಿನ್. ಮೊದಲ ಕಂತನ್ನು ನೋಡಿದವರು 1 ಕೋಟಿ 35 ಲಕ್ಷ ಮಂದಿ. ವಿಲಿಯಂ ಹಾರ್ಟ್‌ನೆಲ್ ಡಾಕ್ಟರ್ ಆಗಿದ್ದ ಮೂರು ವರ್ಷಗಳ ಯಾವ ಕಂತಿಗೂ ಇದಕ್ಕಿಂತ ಹೆಚ್ಚು ಜನ ಸೇರಲಿಲ್ಲ. ಇಷ್ಟು ಜನ ಕಾದು ಕುಳಿತು ನೋಡಿದ ಕಥೆಗೆ ಇವತ್ತು ಈ ಗತಿ.

ಕಥೆಯ ಹಂದರ ಹೀಗಿದೆ. ವಾರ್ಟಿಸ್ ಎಂಬ ಗ್ರಹ. ಅಲ್ಲಿನ ಮೂಲನಿವಾಸಿಗಳು ಮೆನಾಪ್ಟ್ರಾ. ಆಳೆತ್ತರದ, ಹಳದಿ ಕಪ್ಪು ಪಟ್ಟೆಯ, ರೆಕ್ಕೆಯುಳ್ಳ, ಬೆಳಕನ್ನು ಪೂಜಿಸುವ ಜನ. ಅವರ ನಡುವೆ ದನಕರುಗಳ ಹಾಗೆ ಮೇಯ್ದುಕೊಂಡಿದ್ದ ಸಾಧು ಪ್ರಾಣಿಗಳು ಜಾರ್ಬಿ. ಎಲ್ಲಿಂದಲೋ ಬಂದ ಅನಿಮಸ್ ಎಂಬ ಒಂದು ಜೀವ ಅಲ್ಲಿ ಬೇರುಬಿಟ್ಟು, ತನ್ನ ಸುತ್ತ ಬಲೆಯಂಥ ಒಂದು ಅರಮನೆಯನ್ನು ಬೆಳೆಸಿಕೊಳ್ಳುತ್ತದೆ. ಕಟ್ಟುವುದಲ್ಲ, ಹುಣ್ಣು ಬೆಳೆಯುವ ಹಾಗೆ ಬೆಳೆಸುವುದು. ಅದರ ಹೆಸರು ಕಾರ್ಸಿನೋಮ್. ಅರ್ಬುದ ರೋಗದ ವೈದ್ಯಕೀಯ ಹೆಸರು ಗೊತ್ತಿದ್ದವರಿಗೆ ಕಿವಿ ನಿಮಿರುವ ಹೆಸರು. ಜಾರ್ಬಿಗಳ ಮನಸ್ಸು ಅದರ ವಶವಾಗುತ್ತದೆ. ಮೆನಾಪ್ಟ್ರಾಗಳಲ್ಲಿ ಕೆಲವರು ಪಿಕ್ಟಾಸ್ ಎಂಬ ಚಂದ್ರನಿಗೆ ಓಡಿಹೋಗುತ್ತಾರೆ, ಸಿಕ್ಕಿಬಿದ್ದವರ ರೆಕ್ಕೆ ಕಿತ್ತು ಜೀತಕ್ಕೆ ಹಾಕಲಾಗುತ್ತದೆ. ಇನ್ನೂ ಕೆಲವರು ಎಷ್ಟೋ ತಲೆಮಾರಿನ ಹಿಂದೆಯೇ ನೆಲದೊಳಕ್ಕೆ ಇಳಿದು, ಅಲ್ಲೇ ಉಳಿದು, ರೆಕ್ಕೆಯನ್ನೂ ಬೆಳಕನ್ನೂ ಮರೆತಿದ್ದಾರೆ. ಅವರು ಆಪ್ಟೆರಾ. ಓಡಿಹೋದವರು ತಮ್ಮ ನೆಲಕ್ಕೆ ಮರಳಲು ಹೊಂಚುತ್ತಿರುವ ಹೊತ್ತಿಗೆ ಡಾಕ್ಟರ್ ಮತ್ತು ಅವನ ಜೊತೆಗಾರರಾದ ಇಯನ್, ಬಾರ್ಬರಾ, ವಿಕಿ ಬಂದು ಇಳಿಯುತ್ತಾರೆ.

ಈ ನಾಲ್ವರನ್ನು ಬಿಟ್ಟರೆ ಇಡೀ ಕಥೆಯಲ್ಲಿ ಒಂದು ಮನುಷ್ಯ ಮುಖ ಇಲ್ಲ. ಈ ಮಾತನ್ನು ಇನ್ನೊಮ್ಮೆ ಹೇಳುತ್ತೇನೆ, ಯಾಕೆಂದರೆ ಇದರ ಭಾರ ಮೊದಲ ಸಲಕ್ಕೆ ತಾಗುವುದಿಲ್ಲ. ಆರು ಕಂತು, ಹತ್ತಾರು ಪಾತ್ರ, ಮೂರು ಜನಾಂಗ. ಒಂದು ಮನುಷ್ಯ ಮುಖವೂ ಇಲ್ಲ. ಮರುವರ್ಷ ಅಮೆರಿಕದಲ್ಲಿ ಶುರುವಾದ 'ಸ್ಟಾರ್ ಟ್ರೆಕ್' ಅನ್ಯಲೋಕದವನನ್ನು ಬಹುಮಟ್ಟಿಗೆ ಕಿವಿಯಲ್ಲಿ, ಹುಬ್ಬಿನಲ್ಲಿ ಮುಗಿಸಿತು. ಅದು ತಪ್ಪೆಂದು ಹೇಳುತ್ತಿಲ್ಲ, ಸ್ಪಾಕ್‌ನಂಥ ಪಾತ್ರ ಹುಟ್ಟಿದ್ದು ಆ ದಾರಿಯಲ್ಲೇ. ಆದರೆ ವಾರ್ಟಿಸ್‌ನಲ್ಲಿ ಹಿಡಿದ ದಾರಿ ಬೇರೆ, ಬಹಳ ಕಡಿದಾದದ್ದು. ಇಷ್ಟು ದೂರ ಆ ಧಾರಾವಾಹಿಯೇ ಮತ್ತೆ ಹೋಗಲಿಲ್ಲ.

ಈಗ ಆ ಡಿಕ್ಕಿಯ ವಿಚಾರಕ್ಕೆ ಬರೋಣ.

ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ಮಕ್ಕಳ ನಾಟಕದಲ್ಲಿ ಕರಡಿಯಾಗಿದ್ದೆ. ಬಿದಿರಿನ ದಬ್ಬೆ ಬಗ್ಗಿಸಿ ಕಟ್ಟಿ, ಹಳೆಯ ಪೇಪರನ್ನು ಮೈದಾ ಅಂಟಿನಲ್ಲಿ ಪದರ ಪದರವಾಗಿ ಮೆತ್ತಿ, ಒಣಗಿಸಿ, ಮೇಲೆ ಗೋಣಿನಾರು ಅಂಟಿಸಿದ ತಲೆ. ಕಣ್ಣಿನ ಜಾಗದಲ್ಲಿ ಗಾಜಿನ ಗೋಲಿ. ನನ್ನ ಕಣ್ಣಿಗೆ ದಾರಿ ಇದ್ದದ್ದು ಕರಡಿಯ ಬಾಯಲ್ಲಿ, ಎರಡು ಬೆರಳಿನಷ್ಟು ಅಗಲ. ಒಳಗೆ ಮೈದಾ ಹುಳಿತ ವಾಸನೆ, ನನ್ನದೇ ಉಸಿರಿನ ಬಿಸಿ. ನನಗೆ ಕಾಣುತ್ತಿದ್ದದ್ದು ನನ್ನ ಕಾಲಿನ ಮುಂದಿನ ಒಂದು ಮೊಳ ನೆಲ. ನಾಟಕ ಕಲಿಸುತ್ತಿದ್ದ ಮೇಷ್ಟ್ರು ಹೇಳಿದ್ದರು: "ಕಣ್ಣಲ್ಲಿ ನಡೀಬೇಡವೋ, ಕಾಲಲ್ಲಿ ನಡಿ. ಎಣಿಸ್ಕೊ." ಎಡಕ್ಕೆ ಏಳು ಹೆಜ್ಜೆ, ತಿರುಗು, ಮತ್ತೆ ನಾಲ್ಕು. ಪ್ರದರ್ಶನದ ದಿನ ಯಾರೋ ಒಂದು ಬೆಂಚನ್ನು ಒಂದಡಿ ಜರುಗಿಸಿದ್ದರು. ಆರನೆಯ ಹೆಜ್ಜೆಗೆ ಮೊಣಕಾಲು ಬೆಂಚಿಗೆ ಬಡಿದು ಮುಗ್ಗರಿಸಿದೆ. ಮುಂದೆ ಚಾಪೆಯ ಮೇಲೆ ಕುಳಿತ ಮಕ್ಕಳು ಕರಡಿ ಹಸಿದು ತೂರಾಡುತ್ತಿದೆ ಅಂದುಕೊಂಡರು. ನಾಟಕ ನಡೆಯಿತು.

ಜಾರ್ಬಿಯ ವೇಷದೊಳಗಿದ್ದವರ ಸ್ಥಿತಿ ಇದಕ್ಕಿಂತ ಕಷ್ಟದ್ದು. ಫೈಬರ್‌ಗ್ಲಾಸಿನ ಇರುವೆಯ ಮೈಯನ್ನು ಹೊತ್ತು, ತಮ್ಮದೇ ಎರಡು ಕಾಲಿನ ಮೇಲೆ, ಬೆನ್ನು ಬಗ್ಗಿಸಿ ಓಡಬೇಕು. ರಾಬರ್ಟ್ ಜುವೆಲ್, ಜಾನ್ ಸ್ಕಾಟ್ ಮಾರ್ಟಿನ್, ಜೆರಾಲ್ಡ್ ಟೇಲರ್, ಕೆವಿನ್ ಮ್ಯಾನ್ಸರ್ ಮುಂತಾದವರು ಇದನ್ನು ಮಾಡಿದರು. ಇವರಲ್ಲಿ ಹಲವರು ಡಾಲೆಕ್ ಪೆಟ್ಟಿಗೆಯೊಳಗೆ ಕುಳಿತು ಅದನ್ನು ಓಡಿಸುತ್ತಿದ್ದವರೂ ಹೌದು. ಜಾಗ ಲಂಡನ್ನಿನ ಹ್ಯಾಮರ್‌ಸ್ಮಿತ್‌ನಲ್ಲಿರುವ ರಿವರ್‌ಸೈಡ್ ಸ್ಟುಡಿಯೋ. ಆಗಿನ ಪದ್ಧತಿ ನಾಟಕದ್ದೇ: ವಾರವೆಲ್ಲ ತಾಲೀಮು, ಶುಕ್ರವಾರ ಸ್ಟುಡಿಯೋಕ್ಕೆ ಬಂದು ಸಂಜೆ ಒಂದು ಕಂತನ್ನು ಬಹುಪಾಲು ಒಂದೇ ಓಟದಲ್ಲಿ ಮುಗಿಸುವುದು. ವಿಡಿಯೋ ಟೇಪನ್ನು ಕತ್ತರಿಸಿ ಜೋಡಿಸುವುದು ದುಬಾರಿ ಕೆಲಸ, ನಿಲ್ಲಿಸಿ ಮತ್ತೆ ಮಾಡಲು ಹೊತ್ತೂ ಇಲ್ಲ. ಒಂದೇ ಸೂರಿನಡಿ ಗ್ರಹದ ಬಯಲು, ಗುಹೆ, ಕಾರ್ಸಿನೋಮ್ ಎಲ್ಲ ಒತ್ತಿಕೊಂಡು ನಿಂತಿವೆ, ನಡುವೆ ಗಾಲಿಯ ಮೇಲಿನ ದೈತ್ಯ ಕ್ಯಾಮೆರಾಗಳು, ಅವುಗಳ ಹಗ್ಗದಂಥ ಕೇಬಲ್ಲು. ಅಲ್ಲಿ ಕಣ್ಣು ಕಾಣದ ಒಬ್ಬ ಓಡುತ್ತಾನೆ. ಒಂದು ಸಲ ಕ್ಯಾಮೆರಾ ಅವನ ದಾರಿಯಲ್ಲಿತ್ತು. ಅವನು ನಿಲ್ಲಲಿಲ್ಲ, ಪಾತ್ರ ಬಿಡಲಿಲ್ಲ, ತಿರುಗಿ ಓಡಿದ. ಆ ಗಳಿಗೆಯನ್ನು ನೋಡಿದಾಗಲೆಲ್ಲ ನನಗೆ ನಗು ಬರುವುದಿಲ್ಲ. ಮೊಣಕಾಲು ನೆನಪಾಗುತ್ತದೆ.

ನಮ್ಮ ಹಿರಿಯರು ಅಭಿನಯವನ್ನು ನಾಲ್ಕಾಗಿ ನೋಡಿದರು: ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕ. ಮೈಯ ಚಲನೆ, ಮಾತು, ವೇಷ, ಮತ್ತು ಒಳಗಿನಿಂದ ಬರುವ ಭಾವ. 'ದಿ ವೆಬ್ ಪ್ಲಾನೆಟ್' ಬಗ್ಗೆ ನಾನು ಓದಿದ, ಕೇಳಿದ ಟೀಕೆಯಲ್ಲಿ ಹತ್ತಕ್ಕೆ ಒಂಬತ್ತು ಪಾಲು ಆಹಾರ್ಯದ ಮೇಲಿನದು. ವೇಷ ಹೊಲಿಗೆ ಬಿಟ್ಟಿದೆ, ಆಕಾಶ ಬಟ್ಟೆಯ ಮೇಲೆ ಬರೆದದ್ದು ಅಂತ ಗೊತ್ತಾಗುತ್ತದೆ, ಹಾರುವವರು ತಂತಿಯಲ್ಲಿ ತೂಗುತ್ತಿದ್ದಾರೆ. ಎಲ್ಲ ಒಪ್ಪಿದೆ. ಆದರೆ ನಾಲ್ಕರಲ್ಲಿ ಒಂದನ್ನಷ್ಟೇ ತೂಗಿ ತೀರ್ಪು ಕೊಟ್ಟರೆ ಹೇಗೆ? ಕರಾವಳಿಯಲ್ಲಿ ಯಕ್ಷಗಾನದ ದೇವಿ ಮಹಾತ್ಮೆ ನೋಡಿ ಬೆಳೆದವರು ಇಲ್ಲಿದ್ದೀರಿ. ಮಹಿಷಾಸುರ ಸಭೆಯ ಹಿಂದಿನಿಂದ ದೊಂದಿಯ ಬೆಳಕಿನಲ್ಲಿ ಅಬ್ಬರಿಸಿಕೊಂಡು ಬರುವಾಗ ಅವನ ಕೋಡು ನಿಜವಾದ ಕೋಣದ್ದೋ ಅಲ್ಲವೋ ಅಂತ ಯಾರೂ ಕೇಳಲಿಲ್ಲ. ನಿದ್ದೆಗಣ್ಣಿನ ಮಗು ಅಮ್ಮನ ಸೆರಗಿನೊಳಗೆ ಮುಖ ಹುದುಗಿಸಿದ್ದು ಆ ಹೆಜ್ಜೆಗೆ, ಆ ಕೂಗಿಗೆ. ಆ ಕಣ್ಣನ್ನು ಇಟ್ಟುಕೊಂಡು ವಾರ್ಟಿಸ್‌ಗೆ ಹೋಗೋಣ ಬನ್ನಿ.

ಮೊದಲು ಆಂಗಿಕ. ಈ ಕಥೆಯ ಕಂತುಗಳಲ್ಲಿ 'ಕೀಟ ಚಲನೆ: ರಾಸ್ಲಿನ್ ಡಿ ವಿಂಟರ್' ಎಂಬ ಅರ್ಥದ ಒಂದು ಸಾಲು ಹೆಸರುಪಟ್ಟಿಯಲ್ಲಿ ಬರುತ್ತದೆ. ಟಿವಿ ನಾಟಕವೊಂದು ಪ್ರಾಣಿಯ ನಡಿಗೆಗೆಂದೇ ಒಬ್ಬ ಕಲಾವಿದೆಯನ್ನು ಕರೆಸಿ, ಅವಳ ಹೆಸರನ್ನು ತೆರೆಯ ಮೇಲೆ ತೋರಿಸಿತು. ಡಿ ವಿಂಟರ್ ಮೂಕಾಭಿನಯ ಬಲ್ಲವಳು. ಮೆನಾಪ್ಟ್ರಾಗಳ ನಡಿಗೆ, ನಿಲುವು, ಕೈಯ ಅಲುಗಾಟವನ್ನೆಲ್ಲ ರೂಪಿಸಿದ್ದು ಅವಳು. ವ್ರೆಸ್ಟಿನ್ ಎಂಬ ಮುಖ್ಯ ಪಾತ್ರವನ್ನು ಮಾಡಿದ್ದೂ ಅವಳೇ. ಅವಳ ಕೈಯನ್ನು ನೋಡಿ. ಮಾತಾಡುವಾಗ ಅದು ಮನುಷ್ಯರ ಕೈಯ ಹಾಗೆ ಮಾತಿನ ಹಿಂದೆ ಬರುವುದಿಲ್ಲ. ಮೊದಲು ಮುಂಗೈ ಮೇಲೇಳುತ್ತದೆ, ಬೆರಳು ಗಾಳಿಯಲ್ಲಿ ಏನನ್ನೋ ತಡವುತ್ತದೆ, ಆಮೇಲೆ ಮಾತು. ತಲೆ ಪಕ್ಕಕ್ಕೆ ವಾಲಿ ಅಲ್ಲೇ ನಿಲ್ಲುತ್ತದೆ. ಕೂತಿರುವ ಚಿಟ್ಟೆ ರೆಕ್ಕೆ ಮಡಿಸಿ ಬಿಡಿಸುವಾಗ ನಡುವೆ ಒಂದು ನಿಲುಗಡೆ ಇರುತ್ತದಲ್ಲ, ಅದು ಅವಳ ಇಡೀ ಮೈಯಲ್ಲಿದೆ. ಮುಂದೆ ಇಂಗ್ಲೆಂಡಿನಲ್ಲಿ ಹೆಸರುವಾಸಿಯಾದ ಮಾರ್ಟಿನ್ ಜಾರ್ವಿಸ್ ಆಗ ಎಳೆಯ ನಟ, ಹಿಲಿಯೋ ಎಂಬ ಮೆನಾಪ್ಟ್ರಾ ಆಗಿದ್ದ. ಅವನ ಮೈಯಲ್ಲೂ ಅದೇ ವ್ಯಾಕರಣ. ಒಬ್ಬರು ಮಾಡಿದರೆ ಅದು ನಟನೆಯ ಖಯಾಲಿ ಅನ್ನಬಹುದು. ಎಲ್ಲರೂ ಒಂದೇ ಹದದಲ್ಲಿ ಮಾಡಿದಾಗ ಅದು ಒಂದು ಜನಾಂಗದ ನಡಾವಳಿ ಆಗುತ್ತದೆ.

ಇನ್ನು ವಾಚಿಕ. ಮೆನಾಪ್ಟ್ರಾಗಳ ಬಾಯಲ್ಲಿ ಮಾತು ಒಡೆದು, ಎಳೆದು ಬರುತ್ತದೆ. ಅವರ ನಾಲಗೆಗೆ ಮನುಷ್ಯರ ಹೆಸರು ಹೊರಳುವುದಿಲ್ಲ. ಇಯನ್ ಅವರ ಬಾಯಲ್ಲಿ 'ಹೆರಾನ್' ಆಗುತ್ತಾನೆ, ಬಾರ್ಬರಾ 'ಆರ್ಬರಾ'. ಎಷ್ಟು ಸಣ್ಣ ವಿಷಯ! ನಾವು ಬೇರೆ ಸೀಮೆಯವರ ಹೆಸರನ್ನು ನಮ್ಮ ಬಾಯಿಗೆ ಒಗ್ಗಿಸಿಕೊಳ್ಳುವುದು ಹೀಗೇ ಅಲ್ಲವೇ? ಭಾಷೆಗೆ ಒಂದು ಬಾಯಿ ಇದೆ, ಆ ಬಾಯಿಗೆ ಒಂದು ಆಕಾರ ಇದೆ ಅನ್ನುವುದನ್ನು ಸ್ಟ್ರಟನ್ ಮರೆಯಲಿಲ್ಲ. ಬಾರ್ಬರಾ ಅದನ್ನು ತಿದ್ದುವುದಿಲ್ಲ ಅನ್ನುವುದೂ ನನಗೆ ಇಷ್ಟ. ಜೀತದ ಕುಳಿಯಲ್ಲಿ ಅವರ ಜೊತೆ ಕೂತು ಅವಳು ಆರ್ಬರಾ ಆಗಿಬಿಡುತ್ತಾಳೆ. ಕೊನೆಗೆ ದಾಳಿಯ ಯೋಜನೆ ಹೂಡುವವಳು ಇತಿಹಾಸದ ಟೀಚರಾಗಿದ್ದ ಈ ಬಾರ್ಬರಾಳೇ, ಅನಿಮಸ್ ಮೇಲೆ ಅವರ ಕಟ್ಟಕಡೆಯ ಆಯುಧವನ್ನು ಎಸೆಯುವವಳೂ ಅವಳೇ. ಡಾಕ್ಟರ್ ಆ ಹೊತ್ತಿಗೆ ಬಲೆಯಲ್ಲಿ ಸಿಕ್ಕಿಕೊಂಡು ಸೋತಿರುತ್ತಾನೆ. 1965ರ ಟಿವಿಯಲ್ಲಿ ಇದು ಎಷ್ಟು ದೊಡ್ಡ ಮಾತು ಎಂದು ವಿವರಿಸಬೇಕಿಲ್ಲ.

ಕಿವಿಗೆ ಬೀಳುವ ಮಿಕ್ಕದ್ದೂ ಹಾಗೇ. ಹಿನ್ನೆಲೆಯಲ್ಲಿ ಬರುವ ಸಂಗೀತ ಫ್ರಾನ್ಸಿನ 'ಲೆ ಸ್ತ್ರುಕ್ತ್ಯೂರ್ ಸೊನೋರ್' ತಂಡದ್ದು. ಬಾಶೆ ಸಹೋದರರು ಗಾಜಿನ ಕಡ್ಡಿ, ಲೋಹದ ಹಾಳೆಗಳಿಂದ ಮಾಡಿದ ವಾದ್ಯಗಳು. ಒದ್ದೆ ಬೆರಳಿನಿಂದ ಗಾಜನ್ನು ಸವರಿದರೆ ನಾದ ಹೊರಡುತ್ತದೆ. ಧಾರಾವಾಹಿಯ ಶೀರ್ಷಿಕೆ ಸಂಗೀತಕ್ಕೇ ಇವರನ್ನು ಕರೆಸಬೇಕೆಂದು ವೆರಿಟಿ ಲ್ಯಾಂಬರ್ಟ್‌ಗೆ ಮೊದಲು ಮನಸ್ಸಿತ್ತು. ಈ ನಾದದ ಮೇಲೆ ಜಾರ್ಬಿಗಳ ಚಿರ್‌ರೆನ್ನುವ ಸದ್ದು. ಅದು ಕೆಲವೊಮ್ಮೆ ಮಾತನ್ನೇ ನುಂಗುತ್ತದೆ, ತಲೆ ಚಿಟ್ಟು ಹಿಡಿಸುತ್ತದೆ, ಇದನ್ನೂ ಒಪ್ಪುತ್ತೇನೆ. ಗಾಳಿ ತೆಳುವಾಗಿರುವ ಗ್ರಹ ಎಂದು ತೋರಿಸಲು ನಿರ್ದೇಶಕ ರಿಚರ್ಡ್ ಮಾರ್ಟಿನ್ ಕ್ಯಾಮೆರಾದ ಕಣ್ಣಿಗೆ ವ್ಯಾಸಲೀನ್ ಸವರಿಸಿದ. ಮಳೆಗಾಲದ ಬಸ್ಸಿನ ಕಿಟಕಿಯಿಂದ ನೋಡಿದ ಹಾಗೆ ಅಂಚು ಕರಗಿದ ಚಿತ್ರ. ಕೆಲವು ಕಡೆ ಇದು ಕೆಲಸ ಮಾಡಿದೆ, ಕೆಲವು ಕಡೆ ಬರೀ ಕಣ್ಣಿಗೆ ಆಯಾಸ.

ಮೂರನೆಯ ಕಂತಿನಿಂದ ಕಥೆ ನೆಲದೊಳಕ್ಕೆ ಇಳಿಯುತ್ತದೆ. ನನ್ನ ಮಟ್ಟಿಗೆ ಈ ಉಪನ್ಯಾಸ ಇರುವುದೇ ಆ ನೆಲಮಾಳಿಗೆಯ ಸಲುವಾಗಿ.

ಇಯನ್ ಮತ್ತು ವ್ರೆಸ್ಟಿನ್ ಒಂದು ಬಿರುಕಿನಲ್ಲಿ ಜಾರಿ ಆಪ್ಟೆರಾಗಳ ನಡುವೆ ಬೀಳುತ್ತಾರೆ. ಆಪ್ಟೆರಾಗಳಿಗೆ ನಡೆಯಲು ಬರುವುದಿಲ್ಲ. ಎರಡೂ ಕಾಲು ಕೂಡಿಸಿ ಕುಪ್ಪಳಿಸುತ್ತಾರೆ. ಗೂನು ಬೆನ್ನು, ಒರಟು ದನಿ, ಮೈಯ ಪಕ್ಕದಲ್ಲಿ ಜೋತಾಡುವ ಸಣ್ಣ ಸಣ್ಣ ಕೈಗಳು. ಕುಪ್ಪಳಿಸುವುದನ್ನು ನೋಡಿ ನಕ್ಕವರಿಗೆ ನಾನು ಕೇಳುವುದಿಷ್ಟು: ತಲೆಮಾರುಗಟ್ಟಲೆ ತಗ್ಗು ಸುರಂಗದಲ್ಲಿ ಬದುಕಿದ, ಹಾರಲು ಹುಟ್ಟಿ ಹಾರುವುದನ್ನು ಮರೆತ ಒಂದು ಜೀವ ಬೇರೆ ಹೇಗೆ ಚಲಿಸಬೇಕಿತ್ತು? ಆ ಕುಪ್ಪಳಿಕೆಯಲ್ಲಿ ಹಾರಾಟದ ಒಂದು ಚೂರು ಉಳಿದಿದೆ. ಮೈ ಮರೆತಿಲ್ಲ.

ಅವರ ಮಾತು ಇನ್ನೂ ವಿಚಿತ್ರ. ನಾಯಕ ಹೆಟ್ರಾ, ಆ ಪಾತ್ರ ಮಾಡಿದವನು ಇಯನ್ ಥಾಂಪ್ಸನ್, ಕಲ್ಲುಗೋಡೆ ಎದುರಾದಾಗ ಅದನ್ನು ಒಡೆಯೋಣ ಅನ್ನುವುದಿಲ್ಲ. ಅವನ ಲೆಕ್ಕದಲ್ಲಿ ಗೋಡೆ ಮೌನವಾಗಿದೆ. ಅದಕ್ಕೆ ಬಾಯಿ ತೆರೆಯಬೇಕು, ಆಗ ಅದು ಬೆಳಕನ್ನು ಆಡುತ್ತದೆ. ಕಣ್ಣಿನ ಕೆಲಸವನ್ನೆಲ್ಲ ಕಿವಿಗೆ ವಹಿಸಿಕೊಟ್ಟವರ ಭಾಷೆ ಇದು. ಕತ್ತಲಲ್ಲಿ ಬದುಕುವವರಿಗೆ ಬೆಳಕೂ ಒಂದು ಸದ್ದು. ಶನಿವಾರ ಸಂಜೆ ಚಹಾ ಕುಡಿಯುತ್ತ ನೋಡುವ ಮಕ್ಕಳಿಗಾಗಿ ಬರೆದ ಕಥೆಯಲ್ಲಿ, ಕವಿಯೊಬ್ಬ ವರ್ಷಗಟ್ಟಲೆ ಕಾದು ಪಡೆಯಬಹುದಾದ ಇಂಥ ನುಡಿಗಟ್ಟು ಸುಮ್ಮನೆ ಬಂದು ಹೋಗುತ್ತದೆ. ಅದನ್ನು ಯಾರೂ ಎತ್ತಿ ತೋರಿಸದೆ ಇದ್ದದ್ದು ನನಗೆ ನೋವಿನ ಸಂಗತಿ.

ವ್ರೆಸ್ಟಿನ್ ಅವರ ಮುಂದೆ ರೆಕ್ಕೆ ಬಿಚ್ಚುತ್ತಾಳೆ. ನೀವೂ ನಾವೂ ಒಂದೇ ಬಳ್ಳಿ ಎಂದು ಹೇಳುತ್ತಾಳೆ. ಅವರು ನಂಬುವುದಕ್ಕೆ ಹೊತ್ತು ಹಿಡಿಯುತ್ತದೆ. ತಮ್ಮ ಅಜ್ಜಂದಿರಿಗೆ ರೆಕ್ಕೆ ಇತ್ತು ಅನ್ನುವ ಮಾತು ಅವರಿಗೆ ಸಂತೋಷಕ್ಕಿಂತ ಮೊದಲು ಭಯವನ್ನೇ ತರುತ್ತದೆ. ಆಮೇಲೆ ಎಲ್ಲರೂ ಕೂಡಿ ಸುರಂಗದ ಒಳದಾರಿಯಿಂದ ಅನಿಮಸ್‌ನ ಬುಡಕ್ಕೆ ಹೊರಡುತ್ತಾರೆ. ನಡುದಾರಿಯಲ್ಲಿ ಗೋಡೆ ಬಿರಿದು ಆಮ್ಲ ಸುರಿಯತೊಡಗುತ್ತದೆ. ನೆಮಿನಿ ಎಂಬ ಆಪ್ಟೆರಾ ಹೆಂಗಸು, ಈ ಪಾತ್ರ ಬಾರ್ಬರಾ ಜಾಸ್‌ಳದು, ಒಂದು ಕ್ಷಣ ನೋಡಿ ಆ ಬಿರುಕಿನೊಳಕ್ಕೆ ತನ್ನ ತಲೆಯನ್ನೇ ತುರುಕುತ್ತಾಳೆ. ಆಮ್ಲ ನಿಲ್ಲುತ್ತದೆ. ಅವಳ ಮೈ ಅಲ್ಲೇ ಜೋತು ಬೀಳುತ್ತದೆ.

ಈ ದೃಶ್ಯವನ್ನು ಹತ್ತಿರದಿಂದ ನೋಡಬೇಕು. ಸಂಗೀತ ಏರುವುದಿಲ್ಲ. ಯಾರೂ ಕಿರುಚುವುದಿಲ್ಲ. ಇಯನ್ ಮನುಷ್ಯ, ಬೆಚ್ಚುತ್ತಾನೆ. ಆಪ್ಟೆರಾಗಳು ಬೆಚ್ಚುವುದಿಲ್ಲ, ದಾರಿ ಮುಂದುವರಿಸುತ್ತಾರೆ. ಅವರು ನಿರ್ದಯರೆಂದಲ್ಲ, ಸಾವಿನ ಎದುರು ಹೇಗೆ ನಿಲ್ಲಬೇಕು ಅನ್ನುವುದು ಅವರಲ್ಲಿ ಬೇರೆ ಇದೆ. ಇಲ್ಲಿ ಸ್ಟ್ರಟನ್ ಮಾಡಿದ ಕೆಲಸವನ್ನು ಯೋಚಿಸಿ. ರಬ್ಬರು, ಬಟ್ಟೆ ತೊಟ್ಟ ಒಂದು ಹುಳುವಿಗೆ ಅವನು ನಮ್ಮ ಕಣ್ಣೀರನ್ನು ಅಂಟಿಸಲಿಲ್ಲ. ಅದರದ್ದೇ ಆದ ಒಂದು ಘನತೆಯನ್ನು ಕೊಟ್ಟ. ವೇಷ ಎಷ್ಟೇ ಬಡವಾಗಿರಲಿ, ಹಿರಿಯರು ಸಾತ್ತ್ವಿಕ ಎಂದು ಕರೆದದ್ದು ಆ ಬಿರುಕಿನ ಹತ್ತಿರ ಒಂದು ನಿಮಿಷ ಬಂದು ನಿಲ್ಲುತ್ತದೆ.

ಬಿಲ್ ಸ್ಟ್ರಟನ್ ಬಗ್ಗೆ ಒಂದು ಸಂಗತಿ ಹೇಳಬೇಕು. ಹುಟ್ಟಿದ್ದು ದಕ್ಷಿಣ ಆಸ್ಟ್ರೇಲಿಯಾದಲ್ಲಿ. ಚಿಕ್ಕಂದಿನಲ್ಲಿ ಎರಡು ದೊಡ್ಡ ಇರುವೆಗಳ ಕಾದಾಟ ನೋಡಿದ ನೆನಪು ಈ ಕಥೆಯ ಬೀಜ ಎಂದು ಹೇಳಿಕೊಂಡಿದ್ದಾನೆ. ಎರಡನೆಯ ಮಹಾಯುದ್ಧದಲ್ಲಿ ಸೈನಿಕನಾಗಿ ಹೋದ, ಕ್ರೀಟ್ ದ್ವೀಪದಲ್ಲಿ ಜರ್ಮನ್ನರ ಕೈಗೆ ಸಿಕ್ಕಿದ, ಯುದ್ಧದ ಉಳಿದ ವರ್ಷಗಳನ್ನು ಸೆರೆಯಲ್ಲಿ ಕಳೆದ. ಬರೆಹಗಾರನ ಬದುಕಿನಿಂದ ಕಥೆಗೆ ನೇರ ಗೆರೆ ಎಳೆಯುವುದು ನನ್ನ ಅಭ್ಯಾಸವಲ್ಲ. ಆದರೂ ನಾಲ್ಕನೆಯ ಕಂತಿನ 'ಸೂಜಿಗಳ ಕುಳಿ'ಯನ್ನು ನೋಡುವಾಗ ಕ್ರೀಟ್ ನೆನಪಾಗದೆ ಇರುವುದಿಲ್ಲ. ರೆಕ್ಕೆ ಕಿತ್ತ ಮೆನಾಪ್ಟ್ರಾಗಳು ಅಲ್ಲಿ ಗಿಡಗಂಟೆ ಕಿತ್ತು ಆಮ್ಲದ ತೊರೆಗೆ ಹಾಕುತ್ತಾರೆ; ಆ ರಸವೇ ಹರಿದು ಹೋಗಿ ತಮ್ಮನ್ನು ಸೆರೆಹಿಡಿದ ಅನಿಮಸ್‌ಗೆ ಆಹಾರವಾಗುತ್ತದೆ. ಸೆರೆಯವನ ದುಡಿಮೆಯಿಂದಲೇ ಸೆರೆಮನೆ ಬೆಳೆಯುತ್ತದೆ. ಮುದುಕ ಪ್ರಾಪಿಲಸ್, ರೆಕ್ಕೆ ಹೋದ ಹ್ರೋಸ್ಟಾರ್, ಹೆಂಗಸು ಹ್ಲಿನಿಯಾ ಒಬ್ಬರ ಪಕ್ಕ ಒಬ್ಬರು ಕೂತು ಕಾಯುತ್ತಾರೆ. ಚಂದ್ರನಿಂದ ತಮ್ಮವರ ಪಡೆ ಬರುತ್ತದೆ, ಅದು ಇಳಿಯುವ ಜಾಗಕ್ಕೆ ಶತ್ರು ಮೊದಲೇ ಬಂದು ಕಾದಿದ್ದಾನೆ, ಎಚ್ಚರಿಕೆ ಮುಟ್ಟಿಸಲು ದಾರಿಯಿಲ್ಲ. ಪಡೆ ಇಳಿದದ್ದೇ ಕಗ್ಗೊಲೆ. ಶಾಂತಿಯಲ್ಲಿ ಬಾಳಿದ ಜನ ತಯಾರಿಸಿದ ಆಯುಧ ಯುದ್ಧವನ್ನೇ ಕಂಡಿರಲಿಲ್ಲ, ಕೈಕೊಡುತ್ತದೆ. ಕ್ರೀಟ್ ಮೇಲೆ ಆಕಾಶದಿಂದ ಇಳಿದ ಪ್ಯಾರಾಚೂಟ್ ಪಡೆಯನ್ನು ನೆಲದಿಂದ ನೋಡಿದ ತಲೆಮಾರಿನವನು ಇದನ್ನು ಬರೆದ ಅನ್ನುವುದನ್ನು ಮನಸ್ಸಿನಲ್ಲಿಟ್ಟುಕೊಂಡು ಆ ಕಂತನ್ನು ಇನ್ನೊಮ್ಮೆ ನೋಡಿ ಎಂದಷ್ಟೇ ಕೇಳುತ್ತೇನೆ.

ಹೊಗಳಿಕೆಯೊಂದೇ ಆದರೆ ಅದು ಮರುಪರಿಶೀಲನೆ ಆಗುವುದಿಲ್ಲ. ಈ ಕಥೆಯ ನಿಜವಾದ ದೋಷ ವೇಷದಲ್ಲಿಲ್ಲ, ಜಾರ್ಬಿಯಲ್ಲೇ ಇದೆ. ಮೆನಾಪ್ಟ್ರಾಗಳಿಗೆ ಧರ್ಮ ಕೊಟ್ಟ, ಆಪ್ಟೆರಾಗಳಿಗೆ ಭಾಷೆ ಕೊಟ್ಟ ಲೇಖಕ ಇರುವೆಗಳನ್ನು ದನ ಎಂದು ಹೇಳಿ ಬಿಟ್ಟುಬಿಟ್ಟ. ಅನಿಮಸ್ ವಶದಲ್ಲಿದ್ದಾಗ ಅವು ಕ್ರೂರ, ಅದು ಸತ್ತ ಮೇಲೆ ಸಾಧು. ನಡುವೆ ಏನೂ ಇಲ್ಲ. ಡಾಕ್ಟರ್ ಒಂದು ಜಾರ್ಬಿಯನ್ನು ಚಿನ್ನದ ಕೊರಳಪಟ್ಟಿಯಿಂದ ವಶಮಾಡಿಕೊಂಡಾಗ ವಿಕಿ ಅದಕ್ಕೆ 'ಜಾಂಬೊ' ಎಂದು ಹೆಸರಿಟ್ಟು ನಾಯಿಮರಿಯ ಹಾಗೆ ಕರೆದುಕೊಂಡು ತಿರುಗುತ್ತಾಳೆ. ಎಳೆಯ ಹುಡುಗಿಯ ಒಡನಾಟ ಮುದ್ದಾಗಿದೆ. ಆದರೆ ಅನಿಮಸ್ ಮಾಡಿದ್ದೂ ಇದನ್ನೇ ಅಲ್ಲವೇ, ಇನ್ನೊಂದು ಮನಸ್ಸನ್ನು ತನ್ನ ಕೈಗೆ ತೆಗೆದುಕೊಳ್ಳುವುದನ್ನೇ? ಈ ಪ್ರಶ್ನೆ ಕಥೆಯ ಬಾಗಿಲಲ್ಲೇ ನಿಂತಿದೆ, ಕಥೆ ಅದನ್ನು ಒಳಗೆ ಕರೆಯಲಿಲ್ಲ. ಎರಡು ವರ್ಷದ ನಂತರ 'ಸ್ಟಾರ್ ಟ್ರೆಕ್'ನ 'ದಿ ಡೆವಿಲ್ ಇನ್ ದ ಡಾರ್ಕ್' ಕಥೆ ಕಲ್ಲಿನಂಥ ಒಂದು ಜೀವದ ನೋವನ್ನು ಕೇಳಿಸಿಕೊಂಡಿತು. ಆ ಒಂದು ವಿಷಯದಲ್ಲಿ ಅದು ಇದಕ್ಕಿಂತ ಮುಂದೆ ಹೋಯಿತು ಎಂದು ಒಪ್ಪಬೇಕು. ಮತ್ತೆ, ಆರನೆಯ ಕಂತಿನ ಮುಕ್ತಾಯ ಅವಸರದ್ದು. ಐದು ವಾರ ಕಾಯಿಸಿ ತೋರಿಸಿದ ಶತ್ರು ನಾಲ್ಕು ನಿಮಿಷದಲ್ಲಿ ಮುಗಿದುಹೋಗುತ್ತದೆ.

ಕೆಟ್ಟ ಹೆಸರು ಬಂದದ್ದಕ್ಕೆ ಇನ್ನೊಂದು ಕಾರಣವನ್ನೂ ಹೇಳಿ ಮುಂದೆ ಹೋಗುತ್ತೇನೆ. ಸ್ಟ್ರಟನ್ ಈ ಕಥೆಯನ್ನು 1965ರಲ್ಲೇ 'ಡಾಕ್ಟರ್ ಹೂ ಅಂಡ್ ದ ಜಾರ್ಬಿ' ಎಂಬ ಕಾದಂಬರಿಯಾಗಿ ಬರೆದ. 1973ರಲ್ಲಿ ಅದು ಅಗ್ಗದ ಪುಸ್ತಕವಾಗಿ ಮತ್ತೆ ಬಂದು ಮಕ್ಕಳ ಕೈಗೆ ಹೋಯಿತು. ಟಿವಿಯಲ್ಲಿ ಬಂದದ್ದನ್ನು ಮನೆಯಲ್ಲಿ ಮತ್ತೆ ನೋಡುವ ದಾರಿ ಆಗ ಇರಲಿಲ್ಲ. ಹಾಗಾಗಿ ಒಂದು ಇಡೀ ತಲೆಮಾರು ವಾರ್ಟಿಸ್ ಅನ್ನು ಕಂಡದ್ದು ಅಕ್ಷರದಲ್ಲಿ. ಅಲ್ಲಿ ರೆಕ್ಕೆಗೆ ತಂತಿ ಇರಲಿಲ್ಲ, ಆಕಾಶಕ್ಕೆ ಮಡಿಕೆ ಇರಲಿಲ್ಲ. 1990ರಲ್ಲಿ ವಿಡಿಯೋ ಕ್ಯಾಸೆಟ್ ಬಂತು. ಅಷ್ಟು ವರ್ಷ ಮನಸ್ಸಿನಲ್ಲಿ ಸಾಕಿಕೊಂಡ ಗ್ರಹವನ್ನು ನೋಡಲು ಕೂತವರು, ವಾರಕ್ಕೊಂದರಂತೆ ನೋಡಬೇಕಾದ ಆರು ಕಂತನ್ನು ಒಂದೇ ಮಧ್ಯಾಹ್ನ ನೋಡಿ ಮುಗಿಸಿದರು. ಯಕ್ಷಗಾನದ ಆರು ರಾತ್ರಿಯ ಪ್ರಸಂಗಗಳನ್ನು ಒಂದೇ ಹಗಲಿನಲ್ಲಿ ಬಿಸಿಲಿಗೆ ಕೂತು ನೋಡಿದರೆ ಯಾವ ವೇಷ ತಾನೇ ಉಳಿದೀತು? ಅವರ ನಿರಾಸೆ ಪ್ರಾಮಾಣಿಕವಾದದ್ದು. ಆದರೆ ನಂತರ ಬಂದವರು ನೋಡುವ ಮೊದಲೇ ಆ ನಿರಾಸೆಯನ್ನು ಎರವಲು ಪಡೆದುಕೊಂಡರು. ಆ ಕಾಲದ ಬಿಬಿಸಿ ಎಷ್ಟೋ ಟೇಪುಗಳನ್ನು ಅಳಿಸಿಹಾಕಿತು, 'ಡಾಕ್ಟರ್ ಹೂ'ದ ಹಲವು ಕಂತುಗಳು ಇವತ್ತಿಗೂ ಸಿಕ್ಕಿಲ್ಲ. ಕಳೆದುಹೋದ ಕಥೆಗಳಿಗೆ ಎಲ್ಲರೂ ಹಂಬಲಿಸುತ್ತಾರೆ. ಈ ಕಥೆಯ ಆರೂ ಕಂತು ಫಿಲ್ಮಿನ ಪ್ರತಿಯಾಗಿ ಉಳಿದುಕೊಂಡಿವೆ. ಉಳಿದದ್ದೇ ಅದರ ಅಪರಾಧವಾಯಿತೇನೋ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಕೊನೆಯ ದೃಶ್ಯದ ಬಗ್ಗೆ ಹೇಳಿ ನಿಲ್ಲಿಸುತ್ತೇನೆ. ಅನಿಮಸ್ ಸತ್ತಿದೆ. ಬತ್ತಿದ ನೆಲದಲ್ಲಿ ನೀರು ಒಸರುತ್ತಿದೆ. ಆಪ್ಟೆರಾಗಳು ಮೇಲೆ ಬಂದು, ಕಣ್ಣಿಗೆ ಕೈ ಅಡ್ಡ ಹಿಡಿದು, ಬೆಳಕಿನಲ್ಲಿ ನಿಂತಿದ್ದಾರೆ. ಅವರ ಮಕ್ಕಳು ಹಾರಲು ಕಲಿಯುತ್ತಾರೆ ಎಂಬ ಮಾತು ಬರುತ್ತದೆ. ಡಾಕ್ಟರ್ ಮತ್ತು ಜೊತೆಗಾರರು ಪೆಟ್ಟಿಗೆ ಹತ್ತುತ್ತಾರೆ, ಟಾರ್ಡಿಸ್ ಕರಗಿ ಮಾಯವಾಗುತ್ತದೆ. ಸಾಮಾನ್ಯವಾಗಿ ಕಥೆ ಅಲ್ಲಿಗೆ ಮುಗಿಯಬೇಕು, ಕ್ಯಾಮೆರಾ ಪ್ರಯಾಣಿಕರ ಹಿಂದೆ ಹೋಗಬೇಕು. ಇಲ್ಲಿ ಕ್ಯಾಮೆರಾ ಹೋಗುವುದಿಲ್ಲ. ವಾರ್ಟಿಸ್‌ನಲ್ಲೇ ಉಳಿಯುತ್ತದೆ. ತೆರೆಯ ಮೇಲೆ ಒಬ್ಬ ಮನುಷ್ಯನೂ ಇಲ್ಲ. ರೆಕ್ಕೆಯಿದ್ದವರು, ರೆಕ್ಕೆ ಕಳೆದುಕೊಂಡವರು, ರೆಕ್ಕೆ ಮರೆತವರು ಒಟ್ಟಿಗೆ ನಿಂತು ತಮ್ಮ ಭಾಷೆಯಲ್ಲಿ, ತಮ್ಮ ಕೈಗಳ ರೀತಿಯಲ್ಲಿ, ಬೆಳಕನ್ನು ಸ್ತುತಿಸುತ್ತಾರೆ. ಹೆಟ್ರಾ ತಲೆ ಎತ್ತುತ್ತಾನೆ. ಅವನ ಕಾಲುಗಳು ಇನ್ನೂ ಕೂಡಿಕೊಂಡೇ ಇವೆ.